ಪ್ರಿನ್ಸಿಪಾಲರ ದನಿ

ಪಿಯುಸಿ ಮುಗಿದದ್ದೇ ತಡ, ಯಾರಾದರೂ ಹಳೆಯ ಕಾಲೇಜಿನ ಹೆಸರೆತ್ತಿದರೆ ಹುಡುಗ ಮೂಗು ಮುರಿಯತೊಡಗಿದ. ಪ್ರಿನ್ಸಿಪಾಲರದೋ ನಶ್ಯ ಏರಿಸಿ ಏರಿಸಿ ಕಟ್ಟಿಹೋದ ಮೂಗು. "ನಶ್ಯಪತಿಯ ಕಾಟ ಮುಗೀತು, ಇನ್ನೇನಿದ್ರೂ ಕುಲಪತಿಗಳ ಸಹವಾಸ" ಎಂದು ಅವರದೇ ಕಟ್ಟಿದ ಮೂಗಿನ ದನಿಯಲ್ಲಿ ಅಣಕಿಸುತ್ತ ವಿಶ್ವವಿದ್ಯಾಲಯದ ಕೌಂಟರಿನ ಮುಂದೆ ನಿಂತ.

"ನಡತೆ ಪತ್ರ ಎಲ್ಲಪ್ಪಾ?" ಗುಮಾಸ್ತ ಕೇಳಿದ.

"ಪ್ರಿನ್ಸಿಪಾಲ್ರ ಮೇಜಿನ ಮೇಲೇ ಮರೆತ್ಬಂದೆ ಸಾರ್."

"ಇವತ್ತೇ ಕೊನೇ ದಿನ. ಸೀಟು ಬೇಕಂದ್ರೆ ಅವರ ಕೈಲೊಂದು ಫೋನಾದ್ರೂ ಮಾಡ್ಸು."

ಆ ಮೂಗಬಸವನ ಮುಂದೆ ಹಲ್ಲು ಗಿಂಜುವುದೇ? ಅವನು ಕ್ಯಾಂಟೀನಿನ ಹಿಂದೆ ಹೋಗಿ, ಮೂಗು ಹಿಡಿದುಕೊಂಡು, ತಾನೇ ಕಚೇರಿಗೆ ಫೋನು ಮಾಡಿದ.

"ನಾಂನು ಪ್ರಿಂನ್ಸಿಪಾಲು. ಹುಡುಗ ಅಪ್ಪಟ ಚಿಂನ್ನ, ಗೊತ್ತಾಂಯ್ತಾ?"

"ಒಂದ್ನಿಮಿಷ ಸಾರ್. ಇಲ್ಲೊಬ್ರು ಈಗ ತಾನೇ ಬಸ್ಸಿಳಿದು ಬಂದಿದಾರೆ, ಅವರಿಗೇ ಕೊಡ್ತೀನಿ."

ಆ ಕಡೆಯಿಂದ ಅದೇ ಕಟ್ಟಿದ ಮೂಗಿನ ದನಿ ಬಂತು: "ನೀಂನು ಮರೆತ ಪತ್ರ ತಂದಿದೀಂನಿ ಕಣೋ. 'ನಡತೆ: ಅನುಕರಣೀಯ' ಅಂತ ಬರ್ದಿದ್ದೆ. ಈಗ ಅದನ್ನ 'ನಡತೆ: ಬರೀ ಅನುಕರಣೆ' ಅಂತ ತಿದ್ದಿ ಕೊಡ್ತಿದೀಂನಿ, ಗೊತ್ತಾಂಯ್ತಾ?"