ಹೊರಗೆ ಕಾಣದ ದೀಪ

“ಇದು ಕೆಂಪಗೆ ಮಿನುಗುತ್ತೆ, ಬೇಡ. ಹೊರಗೆ ನಿಂತವರಿಗೆ ಕಾಣಲೇಬಾರದು,” ಎಂದು ಆಕೆ ಕತ್ತಲಲ್ಲಿ ಕ್ಯಾಮೆರಾಕ್ಕೆ ಬೆಳಕು ಕೊಡುವ ಮೊದಲ ಇನ್‌ಫ್ರಾರೆಡ್ ದೀಪವನ್ನು ಪಕ್ಕಕ್ಕೆ ಸರಿಸಿದಳು. ಕ್ಯಾಮೆರಾ ಅಂಗಡಿಯವನು ನಕ್ಕ. “ಆ ಕೆಂಪು ಕಂಡ್ರೇನೇ ಅಮ್ಮಾ, ಕಳ್ಳ ಕಾಲು ಕೀಳೋದು.”

“ಬರೋನು ಕಳ್ಳ ಅಲ್ಲಪ್ಪ, ನನ್ನ ಮಗ.”

ಅವನ ನಗು ಅಲ್ಲಿಗೇ ನಿಂತಿತು. ಅಪ್ಪ ಮನೆಯಿಂದ ಹೊರಗೆ ಹಾಕಿದ ಮೇಲೆ ಮಗ ಆಗಾಗ ಕತ್ತಲಲ್ಲಿ ಬಂದು ಗೇಟಿನಾಚೆ ನಿಲ್ಲುತ್ತಿದ್ದ. ಒಮ್ಮೆ ಆಕೆ ತಡೆಯಲಾರದೆ ಅಂಗಳದ ದೀಪ ಹಾಕಿದಾಗ ಮುಖ ಮುಚ್ಚಿಕೊಂಡು ಓಡಿದವನು ಬಹಳ ದಿನ ಆ ಕಡೆ ಸುಳಿದಿರಲಿಲ್ಲ. ಈಚೆಗೆ ನಾಯಿ ಬೊಗಳದೆ ಬರೀ ಕುಂಯ್‌ಗುಟ್ಟಿದರೆ, ಬಂದಿದ್ದಾನೆಂದು ಹಾಸಿಗೆಯಲ್ಲೇ ತಿಳಿದುಕೊಳ್ಳುತ್ತಿದ್ದಳು.

ಅಂಗಡಿಯವನು ಕ್ಯಾಮೆರಾಕ್ಕೆ ಇನ್ನೊಂದು ದೀಪ ಜೋಡಿಸಿ, ಕತ್ತಲಾಗಲೆಂದು ಷಟರ್ ಎಳೆದು, ಅಂಗಡಿಯ ಆ ತುದಿಗೆ ಹೋಗಿ ನಿಂತ. ದೀಪ ಉರಿಯುತ್ತಿರುವುದೇ ತಿಳಿಯಲಿಲ್ಲ. ಕ್ಯಾಮೆರಾದ ಪರದೆಯ ಮೇಲೆ ಅವನದು ಬೂದಿ ಬಣ್ಣದ ಒಂದು ಆಕಾರವಾಗಿ ಮೂಡಿತು. ಮುಖವಿರಬೇಕಾದಲ್ಲಿ ಬರೀ ಮಸುಕು.

“ಸೊರಗಿದ್ದಾನಾ, ಗಾಯಗೀಯ ಆಗಿದೆಯಾ, ಇದರಲ್ಲಿ ಗೊತ್ತಾಗುತ್ತಾ?”

“ಇಲ್ಲಮ್ಮ. ಇದರ ಬೆಳಕು ಅಷ್ಟು ದೂರ ಮುಟ್ಟಲ್ಲ. ಯಾರೋ ನಿಂತಿದ್ದಾರೆ ಅಂತ ಗೊತ್ತಾಗುತ್ತೆ, ಅಷ್ಟೇ. ಮುಖ ಬೇಕಂದ್ರೆ ಆ ಕೆಂಪುದೇ ಹಾಕಬೇಕು.”

ಆಕೆ ಪರದೆಯ ಮೇಲಿನ ಮಸುಕನ್ನು ಬೆರಳಿನಿಂದ ಮೆಲ್ಲನೆ ಒರೆಸಿದಳು. ಅದು ಹಾಗೆಯೇ ಇತ್ತು.

“ಇದನ್ನೇ ಕೊಡಪ್ಪ,” ಎಂದಳು.