ಕೂಗದ ಸೈರನ್

ಚಂಡಮಾರುತ ಆ ಕೆರಿಬಿಯನ್ ದ್ವೀಪವನ್ನು ದಾಟಿ ಎರಡು ದಿನವಾಗಿತ್ತು. ಊರಲ್ಲೆಲ್ಲೂ ಕರೆಂಟಿರಲಿಲ್ಲ, ಗಂಡ-ಹೆಂಡತಿ ಇಬ್ಬರೇ ಇದ್ದ ಒಂದು ಮನೆಯಲ್ಲಿ ಮಾತ್ರ ಫ್ಯಾನ್ ತಿರುಗುತ್ತಿತ್ತು. ಹವಾಮಾನ ಇಲಾಖೆಯ ಅಧಿಕಾರಿ ಅಂಗಳಕ್ಕೆ ಕಾಲಿಡುತ್ತಲೇ ಗಂಡ ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ತೋರಿಸುತ್ತ ಹರಿಹಾಯ್ದ.

"ಹೊಳೆ ಏರಿದ್ರೆ ಸೈರನ್ ಕೂಗತ್ತೆ, ನೆಮ್ಮದಿಯಾಗಿ ಮಲಗಿ ಅಂದಿದ್ರಲ್ಲ! ಅದನ್ನ ನಂಬ್ಕೊಂಡು ಇವಳಮ್ಮ ದಂಡೆ ಮೇಲಿನ ಮನೆ ಬಿಟ್ಟು ಬರ್ಲೇ ಇಲ್ಲ. ಮನೆ ಸಮೇತ ಕೊಚ್ಚಿಹೋದ್ರು. ದ್ರೋಹಿಗಳು ನೀವು!"

"ಸೈರನ್ ಕೆಟ್ಟಿರ್ಲಿಲ್ಲ." ಅಧಿಕಾರಿಯ ದನಿ ಉಡುಗಿತ್ತು. "ಅದರ ಬ್ಯಾಟರೀನ ಯಾರೋ ಬಿಚ್ಕೊಂಡು ಹೋಗಿದ್ರು."

ಗಂಡ ಮನೆಯ ಕಡೆ ತಿರುಗಿದ.

ತಾಯಿ ಹೋದಾಗಿನಿಂದ ಬಾಯಿಬಿಡದಿದ್ದ ಹೆಂಡತಿ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

"ಒಳಗೆ ಬನ್ನಿ ಸಾರ್. ಹೋದ ವಾರ ಇವರು ಫ್ಯಾನ್‌ಗೆ ಅಂತ ತಂದ ಬ್ಯಾಟರಿ ನಿಮ್ದೇನಾ ನೋಡಿ."