ಗದ್ದದ ಕೆಳಗಿನ ಹೊಲಿಗೆ

ಗಂಡಸರಿಗಿರುವಂಥ ಗಂಟಲಿನ ಉಬ್ಬನ್ನು ಅವಳು ಆಪರೇಷನ್ ಮಾಡಿಸಿ ತಗ್ಗಿಸಿಕೊಂಡು ಹದಿನೈದು ದಿನವಾಗಿತ್ತು. ಊತ ಮಾತ್ರ ಇಳಿದಿರಲಿಲ್ಲ. ಉಗುಳು ನುಂಗಿದಾಗಲೆಲ್ಲ ಕನ್ನಡಿಯಲ್ಲಿ ಅದೇ ಹಳೆಯ ಉಬ್ಬು ಏರಿ ಇಳಿದಂತೆ ಕಂಡು, ಡಾಕ್ಟರು ಏನನ್ನಾದರೂ ತೆಗೆದರೋ ಇಲ್ಲವೋ ಎಂದೇ ಅನುಮಾನ ಬರುತ್ತಿತ್ತು.

ಬಾಗಿಲು ತಟ್ಟಿದವರು ಮನೆ ಓನರ್ ಆಂಟಿ. ಒಳಗೆ ಬಂದವರೇ ಅವಳ ಕತ್ತನ್ನು ದಿಟ್ಟಿಸಿದರು.

"ಏನಮ್ಮ, ಎರಡು ವಾರದಿಂದ ಕತ್ತಿಗೆ ವೇಲು ಸುತ್ಕೊಂಡೇ ಓಡಾಡ್ತಿದೀಯ?"

"ಥೈರಾಯ್ಡ್ ಆಪರೇಷನ್ ಆಯ್ತು ಆಂಟಿ."

"ಎಲ್ಲಿ, ವೇಲು ತೆಗಿ, ನೋಡೋಣ."

ಅವಳು ತೆಗೆದಳು. ಆಂಟಿ ತಮ್ಮ ಸೆರಗು ಸರಿಸಿ, ಕತ್ತಿನ ಬುಡದಲ್ಲಿದ್ದ ಹಳೆಯ ಗೆರೆ ತೋರಿಸಿದರು.

"ನಂದೂ ಥೈರಾಯ್ಡೇ. ಹೊಲಿಗೆ ಇಲ್ಲಿ ಹಾಕ್ತಾರೆ. ನಿಂದು ಗದ್ದದ ಕೆಳಗಿದೆಯಲ್ಲ?"

ಅವಳು ವೇಲನ್ನು ಮತ್ತೆ ಸುತ್ತಿಕೊಂಡಳು. ಮನೆ ಖಾಲಿ ಮಾಡು ಎನ್ನುವುದೊಂದೇ ಬಾಕಿ ಎಂದುಕೊಂಡಳು.

ಆಂಟಿ ಬಾಗಿಲು ಮುಂದೆ ಮಾಡಿದರು.

"ಇನ್ಮೇಲೆ ಯಾರಾದ್ರೂ ಕೇಳಿದ್ರೆ, ಬಾತ್‌ರೂಮಲ್ಲಿ ಜಾರಿಬಿದ್ದು ಗದ್ದ ಒಡ್ಕೊಂಡೆ ಅನ್ನು. ಊತಕ್ಕೆ ಹೆದರ್ಬೇಡ, ಮೂರು ತಿಂಗಳು ಬೇಕು. ನನ್ನ ಮಗಳಿಗೂ ಅಷ್ಟೇ ಹಿಡೀತು."